ಎಡರೆಕ್ಕೆಯ ಏಳು ಗರಿಗಳು

ರೈತರೊಬ್ಬರು ಆ ಹಕ್ಕಿಯನ್ನು ಕಂಬಳಿಯಲ್ಲಿ ಸುತ್ತಿ, ಬೈಕಿನ ಹಿಂದೆ ಕೂತ ಹೆಂಡತಿಯ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಕಂಬಳಿಯ ಹೊರಗೆ ಕಾಣುತ್ತಿದ್ದುದು ಕರಿಯ ಕುತ್ತಿಗೆ, ಕಣ್ಣಿನ ಹಿಂದಿನಿಂದ ಇಳಿಬಿದ್ದ ಬಿಳಿ ಗರಿಯ ಎಳೆಗಳು, ಕೆಂಡದಂಥ ಕಣ್ಣು. ಕರ್ಕರ ಕೊಕ್ಕರೆ. ಚಳಿಗಾಲಕ್ಕೆ ಹಿಮಾಲಯದ ಆಚೆಯಿಂದ ಬಂದು ನಮ್ಮ ಹಿನ್ನೀರಿನಲ್ಲಿ ರಾತ್ರಿ ಕಳೆದು, ಹಗಲು ಕಡಲೆ ಹೊಲಗಳಲ್ಲಿ ಮೇಯುವ ಹಕ್ಕಿ. ನಮ್ಮ ಬಾಗಲಕೋಟೆ ಅದಕ್ಕೆ ಪರದೇಶ.

"ಕಡಲಿ ಹೊಲಕ್ಕ ಬಲಿ ಕಟ್ಟಿದ್ದೆರಿ, ಹಂದಿ ಬರ್ತಾವಂತ," ಎಂದರು ರೈತರು. "ಅದರಾಗ ಸಿಕ್ಕೊಂಡು ಒದ್ದಾಡಾಕತ್ತಿತ್ತು. ಬಿಡಸಾಕ ಬರಲಿಲ್ಲ. ಕತ್ತರಿ ತಂದು ಕತ್ತರಿಸಿಬಿಟ್ಟೆ. ಜೀವ ಉಳದೈತಿ ನೋಡ್ರಿ."

ಜೀವ ಉಳಿದಿತ್ತು. ಆರೈಕೆ ಕೇಂದ್ರ ನಡೆಸುವ ಮಾಸ್ತರು ಮೇಜಿನ ಮೇಲೆ ರೆಕ್ಕೆ ಬಿಡಿಸಿದರು. ಅವರು ವಿಜ್ಞಾನ ಕಲಿಸಿ ನಿವೃತ್ತರಾದವರು. ಅರಣ್ಯ ಇಲಾಖೆಯ ಒಪ್ಪಿಗೆ ಪಡೆದು ವಿದ್ಯಾಗಿರಿ ಬಡಾವಣೆಯ ಆಚೆ ಈ ಕೇಂದ್ರ ಕಟ್ಟಿಕೊಂಡಿದ್ದಾರೆ. ಮೂಳೆ ನೆಟ್ಟಗಿತ್ತು, ರಕ್ತ ಇರಲಿಲ್ಲ. ಆದರೆ ಎಡರೆಕ್ಕೆಯ ತುದಿಯ ಹತ್ತು ಉದ್ದ ಗರಿಗಳಲ್ಲಿ ಏಳು, ಬಲೆಯ ಜೊತೆಗೇ ಅರ್ಧಕ್ಕೆ ಕತ್ತರಿಸಿ ಹೋಗಿದ್ದವು.

"ಮತ್ತ ಬೆಳಿತಾವಲ್ರಿ, ಉಗುರು ಬೆಳದಂಗ?"

"ಇಲ್ಲಪಾ. ಬೆಳದ ಗರಿ ಅಂದ್ರ ಒಣಗಿದ ಕಡ್ಡಿ ಇದ್ದಂಗ. ತನ್ನ ಕಾಲಕ್ಕ ಉದರಬೇಕು, ಆಮ್ಯಾಲೆ ಹೊಸಾದು ಬರಬೇಕು. ಅದು ಇವು ತಮ್ಮೂರಿಗೆ ಹೋದಮ್ಯಾಗಿನ ಮಾತು."

ರೈತರ ಮುಖ ಸಣ್ಣದಾಯಿತು. ಹೆಂಡತಿ ಬಿಡಲಿಲ್ಲ. "ಒಂದೊಂದ ಎಳಿ ಬಿಡಸೂನು ಅಂತ ನಾ ಬಡಕೊಂಡ್ನಿ. ಇವ್ರಿಗೆ ಕತ್ತರಿ ಸಿಕ್ರ ಮುಗೀತು."

ಅವರು ಹೋದ ಮೇಲೆ ಮಾಸ್ತರು ಲೆಕ್ಕ ಹಾಕಿದರು. ಬಿಸಿಲು ಏರಿದಂತೆ ಹಿಂಡು ಹೊರಡುತ್ತದೆ. ಹೆಚ್ಚೆಂದರೆ ಆರು ವಾರ. ಅಷ್ಟರಲ್ಲಿ ಹಾರದಿದ್ದರೆ ಹಕ್ಕಿ ಇಲ್ಲೇ. ನಮ್ಮ ಕಡೆಯ ಬೇಸಿಗೆಯಲ್ಲಿ ಒಂಟಿ ಕರ್ಕರ ಕೊಕ್ಕರೆಯನ್ನು ಪಂಜರದಲ್ಲಿ ಇಟ್ಟುಕೊಳ್ಳುವುದು ಆಗದ ಮಾತು. ಯಾವುದಾದರೂ ಮೃಗಾಲಯಕ್ಕೆ ಕಳಿಸಬೇಕು, ಕಳಿಸಿದರೆ ಅದು ಅಲ್ಲಿಯೇ ಕೊನೆ.

ಕೇಂದ್ರದಲ್ಲಿ ನಾನು ಮಾಡುವ ಸೇವೆ ದೊಡ್ಡದೇನಲ್ಲ. ಬೆಳಿಗ್ಗೆ ಅಡುಗೆ ಮುಗಿಸಿ ಹತ್ತಕ್ಕೆ ಹೋಗಿ, ಮೂರಕ್ಕೆ ಮನೆಗೆ ಬಂದು, ಸೀರೆಗಳಿಗೆ ಕುಚ್ಚು ಕಟ್ಟುತ್ತ ಕೂರುವವಳು. ಕೇಂದ್ರದಲ್ಲಿ ಮೇವು, ನೀರು, ತೂಕ, ಹಿಕ್ಕೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆಯುವುದು ನನ್ನ ಪಾಲಿನದು. ಈ ಹಕ್ಕಿ ಬಂದ ದಿನ ಎರಡು ಕಿಲೋಗಿಂತ ಸ್ವಲ್ಪ ಮೇಲೆ ತೂಗಿತು, ಸೊರಗಿತ್ತು. ಹಿಡಿದು ತೂಗಿದರೆ ಇನ್ನಷ್ಟು ಸೊರಗುತ್ತದೆ. ಆದ್ದರಿಂದ ತಕ್ಕಡಿಯ ಹಲಗೆಯನ್ನೇ ಮೇವಿನ ಬುಟ್ಟಿಯ ಮುಂದೆ ಹೂತಿಟ್ಟೆವು. ಅದು ಉಣ್ಣಲು ಬಂದು ಹಲಗೆಯ ಮೇಲೆ ನಿಂತಾಗ, ಹಸಿರು ಪರದೆಯ ತೂತಿನಿಂದ ನಾನು ಅಂಕಿ ಓದಿಕೊಳ್ಳುತ್ತಿದ್ದೆ.

ಮೊದಲ ಎರಡು ದಿನ ಅದು ಬುಟ್ಟಿಯ ಹತ್ತಿರ ಸುಳಿಯಲಿಲ್ಲ. ನಾನು ಕೈ ಆಡಿಸಿದಾಗಲೆಲ್ಲ ಗೋಡೆಗೆ ಹೋಗಿ ಒರಗುತ್ತಿತ್ತು. ಕಾರಣ ನನ್ನ ಬಳೆಯ ಸದ್ದು. ಎರಡೂ ಕೈತುಂಬ ಹಸಿರು ಗಾಜಿನ ಬಳೆ. ತೆಗೆದಿಡಲು ಮನಸ್ಸು ಒಪ್ಪಲಿಲ್ಲ. ಹಳೆಯ ಧೋತರದ ಪಟ್ಟಿ ಹರಿದು ಬಳೆಗಳ ಮೇಲೆ ಬಿಗಿಯಾಗಿ ಸುತ್ತಿಕೊಂಡೆ.

"ಕೈ ಮುರಕೊಂಡು ಬಂದೀಯೇನವಾ?" ಎಂದು ಮಾಸ್ತರು ನಕ್ಕರು.

ಮೂರನೆಯ ದಿನ ಅದು ನೆನೆಸಿದ ಕಡಲೆ ತಿಂದಿತು. ಆಮೇಲೆ ಜೋಳ, ಎಳೆಯ ಶೇಂಗಾ. ಎಂಟನೆಯ ದಿನದ ಹೊತ್ತಿಗೆ ತೂಕ ಇನ್ನೂರು ಗ್ರಾಂ ಏರಿತು. ಹೊಟ್ಟೆ ತುಂಬಿದ ಮೇಲೆ, ಮಧ್ಯಾಹ್ನ ಒಂದರ ಸುಮಾರಿಗೆ, ಕಾಲು ಮಡಚಿ ನೆರಳಲ್ಲಿ ಕೂರುತ್ತಿತ್ತು. ಅರ್ಧ ಗಂಟೆ, ಕೆಲವೊಮ್ಮೆ ಮುಕ್ಕಾಲು. ಅದನ್ನೂ ದಿನಾ ಬರೆದಿಟ್ಟೆ. ಕಂಡದ್ದನ್ನು ಬರೆಯುವುದು ನನ್ನ ಚಟ.

ಗರಿ ಕೂಡಿಸುವ ಮಾತು ತೆಗೆದವರು ಪಶುವೈದ್ಯರು. ವಾರಕ್ಕೆ ಎರಡು ಸಲ ಬಂದು ಹೋಗುವ ಡಾಕ್ಟರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಹಿಂದೆ ತರಬೇತಿಯಲ್ಲಿ ಹದ್ದಿನ ಗರಿಗೆ ಹೀಗೆ ಮಾಡಿದ್ದನ್ನು ನೋಡಿದ್ದರಂತೆ. ಸತ್ತ ಹಕ್ಕಿಯ ಗರಿಯನ್ನು ಅಳತೆಗೆ ಕತ್ತರಿಸಿ, ಬದುಕಿರುವ ಹಕ್ಕಿಯ ಮೊಂಡು ಗರಿಗೆ ಒಳಗಿನಿಂದ ಒಂದು ಕಡ್ಡಿ ಕೊಟ್ಟು ಅಂಟಿಸುವುದು. ಹಿಂದಿನ ಚಳಿಗಾಲದಲ್ಲಿ ವಿದ್ಯುತ್ ತಂತಿಗೆ ಬಡಿದು ಸತ್ತ ಇದೇ ಜಾತಿಯ ಹಕ್ಕಿಯ ಗರಿಗಳನ್ನು ಮಾಸ್ತರು ಇಲಾಖೆಗೆ ತಿಳಿಸಿ, ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಟ್ಟಿದ್ದರು. ಎಡರೆಕ್ಕೆಯ ಹತ್ತೂ ಗರಿ ಸರಿಯಾಗಿದ್ದವು. ಒಂದೇ ಜೊತೆ; ಕೆಟ್ಟರೆ ಬೇರೆ ಇಲ್ಲ.

ಕಡ್ಡಿಯದೇ ತೊಡಕಾಯಿತು. ಊದಿನಕಡ್ಡಿಯ ಬಿದಿರು ಮೆತ್ತಗೆ, ಹಲ್ಲುಕಡ್ಡಿ ಪಟ್ಟನೆ ಮುರಿಯುತ್ತದೆ. ಹಗುರ ಇರಬೇಕು, ಬಾಗಬೇಕು, ಮುರಿಯಬಾರದು. ನನಗೆ ತವರು ಮನೆಯ ಮಗ್ಗ ನೆನಪಾಯಿತು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿದಿಡುವ ಬಾಚಣಿಗೆಯಂಥ ಸಾಧನ ಹಣಿಗೆ. ಈಗಿನವು ಉಕ್ಕಿನವು, ಅಪ್ಪನ ಕಾಲದ್ದು ಬಿದಿರಿನ ಸೀಳುಗಳದು. ಮರುದಿನವೇ ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಬಸ್ಸು ಹಿಡಿದೆ.

ಅಣ್ಣ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೇ ನನ್ನ ಮಾತು ಕೇಳಿದ.

"ಸೀರಿಗೆ ಸೆರಗ ಕೂಡಸೂದು ಬಿಟ್ಟಿ, ಈಗ ಹಕ್ಕಿಗೆ ರೆಕ್ಕಿ ಕೂಡಸ್ತಿಯೇನು?"

"ಕೊಡ್ತಿಯೋ ಇಲ್ಲೋ ಅಷ್ಟ ಹೇಳು."

"ಅಪ್ಪನ ಹಣಗಿ ಅದು. ಬಿಚ್ಚಿದ್ರ ಮತ್ತ ಕಟ್ಟಾಕ ಬರೂದಿಲ್ಲ." ಸ್ವಲ್ಪ ಹೊತ್ತು ನೇಯ್ದ. ಆಮೇಲೆ ಎದ್ದು ಗೋಡೆಯಿಂದ ಇಳಿಸಿ ಧೂಳು ಜಾಡಿಸಿದ. "ನಡುವಿನ ಸೀಳು ಭಾಳ ತೆಳು ಇರ್ತಾವ. ಅಂಚಿನಾವು ದಪ್ಪ. ಅವನ್ನ ತಗೊ." ಅವನೇ ಒಂದೊಂದಾಗಿ ಹತ್ತು ಸೀಳು ಎಳೆದು ಕೊಟ್ಟ. ಅತ್ತಿಗೆ ಚಹಾ ಕೊಟ್ಟಳು. ನಾಲ್ಕರ ಬಸ್ಸಿಗೆ ಹೊರಟೆ.

ಕೂಡಿಸುವ ಕೆಲಸ ನನ್ನ ಕೈಗೆ ಬಂತು. "ನನ್ನ ಕೈಬಟ್ಟು ಎಮ್ಮಿಗೆ ಸೂಜಿ ಹಾಕೂವಂಥಾವ್ರಿ ಅಕ್ಕಾರ," ಎಂದರು ಡಾಕ್ಟರು. "ನಾ ಅಂಟು ಕಲಸ್ತೇನಿ, ನೀವು ಕೂಡಸ್ರಿ." ಹಕ್ಕಿಗೆ ಸಣ್ಣ ಪ್ರಮಾಣದ ಮಂಪರು ಸೂಜಿ ಹಾಕಿದರು. ಟವೆಲಿನ ಮೇಲೆ ಮಲಗಿಸಿ ಎಡರೆಕ್ಕೆ ಬಿಡಿಸಿಟ್ಟೆವು. ಮೊದಲು ಪ್ರತಿ ಗರಿಯನ್ನೂ ಬಲರೆಕ್ಕೆಯ ಜೊತೆಗರಿಗೆ ಹಿಡಿದು ಉದ್ದ ಅಳೆಯುವುದು. ಮೊಂಡು ತುದಿಯನ್ನು ಬ್ಲೇಡಿನಿಂದ ಓರೆಯಾಗಿ ಸವರುವುದು. ದಂಟಿನೊಳಗೆ ಬೆಂಡಿನಂಥ ಬಿಳಿ ತಿರುಳಿರುತ್ತದೆ. ಸೂಜಿಯಿಂದ ಅದರಲ್ಲಿ ದಾರಿ ಮಾಡುವುದು. ಚೌಕಾಕಾರಕ್ಕೆ ಕೆತ್ತಿದ ಕಡ್ಡಿಗೆ ಅಂಟು ಹಚ್ಚಿ ಅರ್ಧ ಈ ಕಡೆ, ಅರ್ಧ ಆ ಕಡೆ. ದುಂಡಗಿದ್ದರೆ ಗರಿ ತಿರುಗಿಬಿಡುತ್ತದೆ. ಪಕ್ಕದ ಗರಿಗೆ ಮೆತ್ತದಂತೆ ನಡುವೆ ಕಾಗದದ ತುಂಡು. ಗರಿಯ ಬಾಗು ನೋಡಿ, ಉಸಿರು ಹಿಡಿದು, ಅಂಟು ಬಲಿಯುವವರೆಗೆ ಒತ್ತಿ ಹಿಡಿಯುವುದು.

ಒಂದೂವರೆ ತಾಸಿಗೆ ಏಳೂ ಕೂಡಿದವು. ರೆಕ್ಕೆ ಮಡಚಿದಾಗ ಎಲ್ಲಿ ಕೂಡಿಸಿದ್ದೆಂದು ತಿಳಿಯುತ್ತಿರಲಿಲ್ಲ. ಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು.

ಆದರೆ ಹಕ್ಕಿ ಏಳಲಿಲ್ಲ. ಕಣ್ಣು ತೆರೆಯಿತು, ಕುತ್ತಿಗೆ ಎತ್ತಿತು. ಕಾಲು ಊರಲು ಹೋದಾಗೆಲ್ಲ ಮಂಡಿ ಕುಸಿಯಿತು. ಉದ್ದ ಕಾಲಿನ ಹಕ್ಕಿಗಳಿಗೆ ಇದೇ ಅಪಾಯವಂತೆ: ಹೆದರಿಕೆಗೋ ಬಿಗಿತಕ್ಕೋ ಕಾಲಿನ ಸ್ನಾಯು ಸೋತರೆ ಮತ್ತೆ ನಿಲ್ಲುವುದೇ ಇಲ್ಲ. ಡಾಕ್ಟರು ಸಂಜೆಯವರೆಗೆ ಅದರ ಕಾಲು ನೀವುತ್ತ ಕೂತರು. ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ನಿಂತಿತ್ತು. "ಇನ್ನೊಮ್ಮೆ ಇದಕ್ಕ ಸೂಜಿ ಹಾಕೂದಿಲ್ರಿ," ಎಂದು ಡಾಕ್ಟರು ಆವತ್ತೇ ಹೇಳಿಬಿಟ್ಟರು.

ಗರಿ ಕೂಡಿಸಿದ ಐದನೆಯ ದಿನ ಅದು ಮೊದಲ ಸಲ ರೆಕ್ಕೆ ಪೂರ್ತಿ ಬಿಚ್ಚಿ ಬಡಿಯಿತು. ಮೂರು ಗರಿ ನೆಲಕ್ಕೆ ಬಿದ್ದವು. ಮರುದಿನ ಮತ್ತೆರಡು. ಉಳಿದೆರಡು ಸಡಿಲಾಗಿ ತೂಗುತ್ತಿದ್ದವು.

ಡಾಕ್ಟರು ಬಂದು ನೋಡಿ ಬೆಂಚಿನ ಮೇಲೆ ಕೂತರು. "ಅಂಟು ಕಲಸೂದರಾಗ ನಂದ ತಪ್ಪ ಆಗೈತ್ರಿ. ಎರಡೂ ಟ್ಯೂಬ್ ಸಮ ಹಾಕಿಲ್ಲೇನೋ." ಮಾಸ್ತರು ಒಳಗೆ ಹೋಗಿ ಮೃಗಾಲಯಕ್ಕೆ ಬರೆಯುವ ಪತ್ರಕ್ಕೆ ಕಾಗದ ತೆಗೆದರು.

ನಾನು ಬಿದ್ದ ಗರಿಗಳನ್ನು ಆರಿಸಿದೆ. ಒಂದರ ದಂಟು ಹಕ್ಕಿಯ ಕಾಲಿಗೆ ಸಿಕ್ಕಿ ಸೀಳಿತ್ತು. ಉಳಿದವನ್ನು ಬೆಳಕಿಗೆ ಹಿಡಿದಾಗ ಕಡ್ಡಿಗಳ ಮೇಲೆ ತೆಳ್ಳಗೆ ಬೂದು ಬಣ್ಣದ ಪೊರೆ ಕಂಡಿತು. ಅಂಟು ಆ ಪೊರೆಯನ್ನು ಹಿಡಿದಿತ್ತು, ಬಿದಿರನ್ನಲ್ಲ. ಬೆರಳಿನಿಂದ ಉಜ್ಜಿದೆ. ಬೂದಿ.

ಹೇಗೆ ಬಂತೆಂದು ಯೋಚಿಸಬೇಕಾಗಲಿಲ್ಲ. ಮಗ್ಗದ ಮನೆಯಲ್ಲಿ ಎಳೆಗೆ ಎಳೆ ಹೊಸೆದು ಕೂಡಿಸುವಾಗ ಬೆರಳು ಜಾರದಂತೆ ಬೂದಿಯಲ್ಲಿ ಅದ್ದಿಕೊಳ್ಳುತ್ತೇವೆ. ಏಳೆಂಟು ವಯಸ್ಸಿಗೇ ಕಲಿತದ್ದು. ಕುಚ್ಚು ಕಟ್ಟುವಾಗಲೂ ರೇಷ್ಮೆ ಜಾರುತ್ತದೆಂದು ಚೀಲದಲ್ಲಿ ಬೂದಿಯ ಡಬ್ಬಿ ಇಟ್ಟಿರುತ್ತೇನೆ. ಆವತ್ತು ಆ ಚೀಲ ನನ್ನ ಮಗ್ಗುಲಲ್ಲೇ ಇತ್ತು. ಗರಿಯ ದಂಟು ನುಣ್ಣಗೆ ಜಾರಿದಾಗಲೆಲ್ಲ ನನ್ನ ಕೈ ತಾನಾಗಿ ಡಬ್ಬಿಗೆ ಹೋಗಿದೆ. ಕೂಡಿಸುವುದೆಂದರೆ ಬೂದಿ ಎಂದು ಬೆರಳಿಗೆ ಗೊತ್ತು. ಇಲ್ಲಿ ಕೂಡಿಸುವುದು ಅಂಟು ಎಂದು ನನ್ನ ತಲೆಗೆ ಮಾತ್ರ ಗೊತ್ತಿತ್ತು.

ಒಂದು ದಿನ ಪೂರ್ತಿ ನಾನು ಹೇಳಲಿಲ್ಲ. ಹೇಳಿದರೆ ಮತ್ತೆ ಆ ಹಕ್ಕಿಯನ್ನು ನನ್ನ ಕೈಗೆ ಕೊಡುವುದಿಲ್ಲ ಎಂಬ ಅಳುಕು. ರೊಟ್ಟಿ ಬಡಿಯುತ್ತ ಅಣ್ಣನಿಗೆ ಫೋನು ಮಾಡಿದೆ.

"ಅಂಟಿನ ಕೆಲಸಕ್ಕ ಬೂದಿ ಹಚ್ಚಿದಿ? ಹುಚ್ಚವ್ವ." ಅವನು ನಗುತ್ತಲೇ ಇದ್ದ, ನಾನು ನಗದಿದ್ದುದು ತಿಳಿದು ನಿಲ್ಲಿಸಿದ. "ಅವರಿಗೆ ಹೇಳಿದಿಯಿಲ್ಲೋ?"

"ಇಲ್ಲ."

"ಮತ್ತ ನನಗ್ಯಾಕ ಹೇಳಾಕತ್ತಿ? ಹಕ್ಕಿ ನನ್ನ ಕಡೆ ಐತೇನು?"

ಮರುದಿನ ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ ಕರೆಸಿ, ಮಾಸ್ತರ ಎದುರಿಗೆ ಕಡ್ಡಿ ಮತ್ತು ಬೂದಿಯ ಡಬ್ಬಿ ಎರಡನ್ನೂ ಮೇಜಿನ ಮೇಲಿಟ್ಟೆ. ಹೇಳುವುದಕ್ಕೆ ಎರಡು ನಿಮಿಷ ಸಾಕಾಯಿತು. ಡಾಕ್ಟರು ಕಡ್ಡಿಯನ್ನು ಉಗುರಿನಿಂದ ಕೆರೆದರು. ಅವರ ಮುಖ ಗಂಟಾಗಿತ್ತು.

"ಮೊನ್ನಿಯಿಂದ ನನ್ನ ಕೈಗೆ ನಾನ ಬೈಕೊಂತ ಕುಂತೀನ್ರಿ ಅಕ್ಕಾರ. ನಿನ್ನೆರ ಹೇಳಬಾರದಾಗಿತ್ತೇನು?"

ಆ ಮಾತು ನನಗೆ ತಾಗಿತು. ತಾಗಬೇಕಾದದ್ದೇ. "ತಪ್ಪಾತ್ರಿ," ಎಂದೆ.

"ಇರ್ಲಿ," ಎಂದು ಅವರು ಕಡ್ಡಿಯನ್ನು ಕೆಳಗಿಟ್ಟರು. "ಹಂಗಾರ ಕೆಲಸ ತಪ್ಪಿಲ್ಲ, ಬೂದಿ ತಪ್ಪು. ಖರೆ, ಉಪಯೋಗ ಏನು? ಸೂಜಿ ಹಾಕಂಗಿಲ್ಲ. ಎಚ್ಚರ ಇದ್ದ ಹಕ್ಕಿ ಒಂದೂವರೆ ತಾಸು ಸುಮ್ಮ ಕೂಡತೈತೇನು?"

"ಒಂದೂವರೆ ತಾಸು ಕೂಡೂದಿಲ್ರಿ. ಅರ್ಧ ತಾಸು ಕೂಡತೈತಿ."

ನೋಟ್‌ಬುಕ್ಕು ತೆಗೆದು ತೋರಿಸಿದೆ. ಉಂಡ ಮೇಲೆ ಒಂದು ಗಂಟೆಗೆ ಕೂರುತ್ತದೆ; ಸೂಜಿ ಹಾಕಿದ ದಿನವೊಂದನ್ನು ಬಿಟ್ಟರೆ ಒಂದು ದಿನವೂ ತಪ್ಪಿಲ್ಲ. ಆ ಹೊತ್ತಿನಲ್ಲಿ ಪರದೆ ಸರಿದರೂ ಏಳುವುದಿಲ್ಲ. ಬಂದ ದಿನ ಮೇಜಿನ ಮೇಲೆ ಕಂಬಳಿಯಿಂದ ತಲೆ ಮುಚ್ಚಿದಾಗ ಮಗುವಿನಂತಿತ್ತು. ಕೂತಿರುವಾಗಲೇ ತಲೆಗೆ ಕಾಲುಚೀಲದ ಟೊಪ್ಪಿಗೆ ಹಾಕಿ, ಕೂತಲ್ಲೇ, ದಿನಕ್ಕೆ ಎರಡೋ ಮೂರೋ ಗರಿ. ಮೇಜು ಬೇಡ, ಹೊತ್ತೊಯ್ಯುವುದು ಬೇಡ. ಗರಿಗಳ ಕೆತ್ತನೆಯೆಲ್ಲ ಮೊದಲೇ ಮುಗಿಸಿ ಇಟ್ಟುಕೊಂಡರೆ ಹಕ್ಕಿಯ ಮೇಲೆ ಉಳಿಯುವುದು ಅಂಟಿಸುವುದೊಂದೇ.

"ಒಂದು ಗರಿ ಸೀಳೈತಲ್ಲ?" ಎಂದರು ಮಾಸ್ತರು.

"ಹತ್ತರಾಗ ಮೂರು ಉಳದಾವಲ್ರಿ ಸರ. ಮಗ್ಗಲದ್ದು ಹಾಕೂನು. ಒಂದು ಬೆರಳು ಗಿಡ್ಡ ಆಗತೈತಿ, ಅಷ್ಟ."

ಮಾಸ್ತರು ಡಾಕ್ಟರ ಮುಖ ನೋಡಿದರು. ಡಾಕ್ಟರು ನೋಟ್‌ಬುಕ್ಕಿನ ಪುಟ ತಿರುವುತ್ತಲೇ ಇದ್ದರು. ಕೊನೆಗೆ, "ಅದು ಒದ್ದಾಡಿತಂದ್ರ ಅಲ್ಲೇ ಬಿಡೂದು. ಒಪ್ಪಿಗಿ ಐತೇನು?" ಎಂದರು. ಮಾಸ್ತರು ಪತ್ರದ ಕಾಗದವನ್ನು ಮಡಚಿ ಜೇಬಿಗೆ ಹಾಕಿದರು.

ಅಣ್ಣ ಕೊಟ್ಟ ಸೀಳುಗಳಲ್ಲಿ ಉಳಿದಿದ್ದ ತುಂಡುಗಳಿಂದ ಕಡ್ಡಿಗಳನ್ನು ಹೊಸದಾಗಿ ಕೆತ್ತಿದೆ. ಸ್ಪಿರಿಟ್ಟಿನಿಂದ ಒರೆಸಿ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟೆ. ಕೈಯನ್ನು ಸೀಗೆಪುಡಿಯಲ್ಲಿ ತೊಳೆದೆ. ಚೀಲ ಮನೆಯಲ್ಲೇ ಬಿಟ್ಟು ಹೋದೆ. ಆದರೂ ಡಾಕ್ಟರು ಬಾಗಿಲಲ್ಲಿ ನಿಲ್ಲಿಸಿ, "ಕೈ ತೋರಸ್ರಿ," ಎಂದು ಶಾಲೆಯ ಮಾಸ್ತರರ ಹಾಗೆ ನೋಡಿಯೇ ಒಳಗೆ ಬಿಟ್ಟರು.

ಒಂದು ಗಂಟೆ ಐದು ನಿಮಿಷಕ್ಕೆ ಹಕ್ಕಿ ಕೂತಿತು. ಮಾಸ್ತರು ಹಿಂದಿನಿಂದ ಮಂಡಿಯೂರಿ ಹೋಗಿ ಟೊಪ್ಪಿಗೆ ಇಳಿಸಿದರು. ಒಂದು ಸಲ ಬೆಚ್ಚಿತು. ಅವರ ಎರಡೂ ಅಂಗೈ ಅದರ ಬೆನ್ನಿನ ಮೇಲೆ ಭಾರವಿಲ್ಲದೆ ಕೂತವು. ಡಾಕ್ಟರು ರೆಕ್ಕೆಯನ್ನು ಬೀಸಣಿಗೆಯಂತೆ ಬಿಡಿಸಿ ಹಿಡಿದರು. ನಾನು ಮೊದಲ ಗರಿ ಎತ್ತಿಕೊಂಡೆ. ಬೆರಳು ಜಾರಿತು; ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದೆ. ಅಂಟು ಬಲಿಯುವ ಐದು ನಿಮಿಷದಲ್ಲಿ ನನ್ನ ಕೈಗೆ ಅದರ ಎದೆಬಡಿತ ತಿಳಿಯುತ್ತಿತ್ತು. ಮೊದಮೊದಲು ಎಣಿಸಲಾಗದಷ್ಟು ಜೋರು, ಆಮೇಲೆ ಇಳಿಯಿತು. ಮೊದಲ ದಿನ ಮೂರು. ಟೊಪ್ಪಿಗೆ ತೆಗೆದ ಕೂಡಲೇ ಎದ್ದು ನಾಲ್ಕು ಹೆಜ್ಜೆ ದೂರ ಹೋಗಿ, ನಮಗೆ ಬೆನ್ನು ಹಾಕಿ ನಿಂತಿತು. ಕಾಲು ಗಟ್ಟಿಯಾಗಿದ್ದವು. ಎರಡನೆಯ ದಿನ ಎರಡು, ಮೂರನೆಯ ದಿನ ಎರಡು.

ಮೂರು ದಿನ ನಾನು ನೆಲವನ್ನೇ ನೋಡುತ್ತ ಒಳಗೆ ಹೋದೆ. ನಾಲ್ಕನೆಯ ದಿನ ಅದು ರೆಕ್ಕೆ ಬಡಿಯಿತು. ಬಿಚ್ಚಿ, ಬಡಿದು, ನಿಲ್ಲಿಸಿ, ಮತ್ತೆ ಬಡಿಯಿತು. ಧೂಳೆದ್ದಿತು. ಧೂಳು ಇಳಿದ ಮೇಲೆ ನೆಲ ಖಾಲಿ. ಐದನೆಯ ದಿನವೂ ಖಾಲಿ.

ಕೇಂದ್ರದ ಹಿಂದೆ ಬಲೆ ಹೊದಿಸಿದ ಉದ್ದನೆಯ ಓಣಿಯಿದೆ, ಹಕ್ಕಿಗಳು ಹಾರಿ ಕಸುವು ತುಂಬಿಕೊಳ್ಳಲು. ಅಲ್ಲಿಗೆ ಬಿಟ್ಟೆವು. ಮೊದಲ ದಿನ ಓಡಿತು ಅಷ್ಟೇ. ಎರಡನೆಯ ದಿನ ಮೊಣಕಾಲೆತ್ತರ ಎದ್ದು ಎಡಕ್ಕೆ ವಾಲಿ ಇಳಿಯಿತು. ಆ ಗಿಡ್ಡ ಗರಿಯಿಂದಲೇ ಎಂದು ನನ್ನ ಜೀವ ಹಾರಿತು. ಮೂರನೆಯ ದಿನ ಓಣಿಯ ಈ ತುದಿಯಿಂದ ಆ ತುದಿಗೆ, ನೆಲ ಮುಟ್ಟದೆ. ಇಳಿದ ಮೇಲೆ ಕೊಕ್ಕು ತೆರೆದು ಏದುಸಿರು ಬಿಟ್ಟಿತು.

"ಇನ್ನೊಂದು ವಾರ ಬೇಕ್ರಿ. ದಮ್ಮು ಸಾಲದು," ಎಂದರು ಡಾಕ್ಟರು.

ಆ ಸಂಜೆಯೇ ಹಿನ್ನೀರಿನ ಕಡೆಯ ಅರಣ್ಯ ಗಾರ್ಡ್ ಫೋನು ಮಾಡಿದ. "ಸರ, ಮಧ್ಯಾಹ್ನ ಎಲ್ಲಾ ಸೇರಿ ಮ್ಯಾಲೆ ಮ್ಯಾಲೆ ಸುತ್ತಾಕತ್ತಾವ್ರಿ. ಕಣ್ಣಿಗೆ ಸಿಗೂದಿಲ್ಲ, ಅಷ್ಟ ಎತ್ತರ. ಹೊರಡೂ ತಯಾರಿ."

ಮಾಸ್ತರು ಫೋನಿಟ್ಟು, "ದಮ್ಮು ಹಿಂಡಿನ ಕೂಡ ತಿರಗಿ ಬರ್ಲಿ. ಈ ಓಣ್ಯಾಗ ಬರೂದಿಲ್ಲ. ನಾಳೆ ಬಿಡೂನು," ಎಂದರು. ಡಾಕ್ಟರು ಒಪ್ಪಿ ತಲೆಯಾಡಿಸಿದರು.

ಬೆಳಗಿನ ಏಳಕ್ಕೆ ಹಿನ್ನೀರಿನ ಕೆಸರು ದಂಡೆಯಲ್ಲಿದ್ದೆವು. ಹಿಂಡು ಇನ್ನೂ ನೀರಿನ ಅಂಚಿನಲ್ಲಿ, ಬೂದು ಬೆನ್ನುಗಳ ಸಾಲು. ಬುಟ್ಟಿಯ ಮುಚ್ಚಳ ನಾನೇ ತೆಗೆದೆ. ಹಕ್ಕಿ ಹೊರಗೆ ಹೆಜ್ಜೆಯಿಟ್ಟು ಕುತ್ತಿಗೆ ಎತ್ತಿ ನಿಂತಿತು. ದೂರದಲ್ಲಿ ಒಂದು ಕೂಗಿತು. ಇದು ಓಡಿತು, ಎದ್ದಿತು, ಹತ್ತು ಮಾರು ಹೋಗಿ ಇಳಿದುಬಿಟ್ಟಿತು. ಗಾರ್ಡ್ "ಅಯ್ಯ" ಎಂದ. ಮಾಸ್ತರು ಅವನ ತೋಳು ಹಿಡಿದರು. ಅದು ಗರಿ ಕೊಡವಿಕೊಂಡಿತು, ಮತ್ತೆ ಓಡಿತು, ಎದ್ದಿತು, ಈ ಸಲ ಇಳಿಯಲಿಲ್ಲ. ನೀರಿನ ಮೇಲೆ ಬಾಗಿ ಒಂದು ಸುತ್ತು ಹಾಕುವಾಗ ಎಡರೆಕ್ಕೆ ಬಿಸಿಲಿಗೆ ತಿರುಗಿತು. ಕೂಡಿಸಿದ ಗರಿಗಳು ಉಳಿದವುಗಳಿಗಿಂತ ತುಸು ಮಾಸಲು, ಅಡ್ಡಕ್ಕೆ ಒಂದು ತಿಳಿಗೆರೆ. ನಮ್ಮ ಮೂವರಿಗಷ್ಟೇ ತಿಳಿಯುವ ಗುರುತು. ಹಿಂಡಿನ ನಡುವೆ ಇಳಿಯಿತು. ಎರಡು ಹಕ್ಕಿಗಳು ಸರಿದು ಜಾಗ ಬಿಟ್ಟವು.

ಡಾಕ್ಟರು ನನ್ನ ಕಡೆ ತಿರುಗಿ, "ಅಕ್ಕಾರ, ಎಮ್ಮಿಗೆ ಕೋಡು ಮುರದ್ರ ನಿಮ್ಮನ್ನ ಕರೀತೇನ್ರಿ," ಎಂದರು. ನಾವೆಲ್ಲ ನಕ್ಕಿದ್ದು ಆ ಐದು ವಾರಗಳಲ್ಲಿ ಅದೇ ಮೊದಲ ಸಲ.

ಆಮೇಲಿನ ಎಂಟು ದಿನ ಗಾರ್ಡ್ ದಿನಾ ಫೋನು ಮಾಡಿದ. ಹಿಂಡಿನ ಜೊತೆ ಹೊಲಕ್ಕೆ ಹೋಗುತ್ತದೆ, ಸಂಜೆ ಬರುತ್ತದೆ. ಮೊದಲೆರಡು ದಿನ ಕೊನೆಯಲ್ಲಿ ಬರುತ್ತಿತ್ತು, ಈಗ ನಡುವೆ. ಒಂಬತ್ತನೆಯ ದಿನ ಹನ್ನೊಂದಕ್ಕೆ ಫೋನು. "ಲಗೂನ ಬರ್ರಿ ಅಕ್ಕಾರ. ಎದ್ದಾವು."

ಮಾಸ್ತರ ಸ್ಕೂಟರಿನ ಹಿಂದೆ ಕೂತು ಹೋದೆ. ನಾವು ಮುಟ್ಟುವ ಹೊತ್ತಿಗೆ ಹಿಂಡು ನೆತ್ತಿಯ ಮೇಲೆ ಸುತ್ತುತ್ತ ಸುತ್ತುತ್ತ ಸಾಸಿವೆ ಕಾಳಿನಷ್ಟಾಗಿತ್ತು. ಯಾವುದು ನಮ್ಮದೆಂದು ತಿಳಿಯುವಂತಿರಲಿಲ್ಲ. ಕೂಗು ಮಾತ್ರ ಕೆಳಗಿನವರೆಗೆ ಕೇಳುತ್ತಿತ್ತು. ಆಮೇಲೆ ಸಾಲುಗಟ್ಟಿ ಉತ್ತರಕ್ಕೆ ಹೊರಟಿತು, ಕೂಗೂ ನಿಂತಿತು.

ಮಾಸ್ತರು ಆಕಾಶ ನೋಡಲಿಲ್ಲ. ದುರ್ಬೀನು ತೆಗೆದುಕೊಂಡು ದಂಡೆಯತ್ತ ನಡೆದರು. ಸೋತ ಹಕ್ಕಿ ಹಿಂದೆ ಉಳಿಯುವುದು ಅಲ್ಲಿಯೇ. ಗಾರ್ಡ್ ಒಂದು ಕಡೆ, ಮಾಸ್ತರು ಒಂದು ಕಡೆ, ನಾನು ಸೀರೆ ಎತ್ತಿ ಸಿಕ್ಕಿಸಿಕೊಂಡು ನಡುವೆ. ಆಪು ಹುಲ್ಲಿನ ಮರೆ, ಜಾಲಿಯ ಬುಡ, ಕಡಲೆ ಕಿತ್ತ ಹೊಲಗಳು, ಎಲ್ಲ ನೋಡಿದೆವು. ಒಂದೂವರೆ ತಾಸು ನಡೆದು ಮತ್ತೆ ಒಂದೆಡೆ ಸೇರಿದೆವು.

"ಏನಾರ?" ಎಂದರು ಮಾಸ್ತರು.

"ಒಂದೂ ಇಲ್ರಿ," ಎಂದ ಗಾರ್ಡ್.

"ಈ ಕಡೇನೂ ಇಲ್ರಿ ಸರ," ಎಂದೆ ನಾನು.

ಕೆಸರಿನ ತುಂಬ ಮೂರು ಬೆರಳಿನ ಹೆಜ್ಜೆಗಳಿದ್ದವು. ನೀರಿನ ಅಂಚಿನವರೆಗೆ ಹೋಗಿ ಅಲ್ಲಿಗೇ ನಿಂತಿದ್ದವು. ದಂಡೆಯ ಮೇಲೆ ಒಂದು ಹಕ್ಕಿಯೂ ಉಳಿದಿರಲಿಲ್ಲ.